ಪದವಿ ಕಾಲೇಜಿನ ಮಕ್ಕಳಿಗೆ ಕ್ಯಾನ್ಸರ್ ತಡೆಯುವ ಅಭ್ಯಾಸ ಕಲಿಸೋದು ಹೇಗೆ? ಫೆಬ್ರವರಿ 4ರ ಭಾಷಣ ಸಾಕಾಗುತ್ತಿಲ್ಲ

ಎನ್‌ಎಸ್‌ಎಸ್ ಮೇಷ್ಟ್ರು (ಚನ್ನಗಿರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎ, ಬಿಕಾಂ, ಬಿಎಸ್ಸಿ ಇವೆ. ಮಕ್ಕಳಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ, ಉಳಿದವರು ಹಾಸ್ಟೆಲ್‌ನಲ್ಲಿದ್ದಾರೆ. ಫೆಬ್ರವರಿ 4ಕ್ಕೆ ವಿಶ್ವ ಕ್ಯಾನ್ಸರ್ ದಿನ, ಮೇ 31ಕ್ಕೆ ತಂಬಾಕು ರಹಿತ ದಿನ ಅಂತ ಪ್ರತಿವರ್ಷ ಸಭಾಂಗಣದಲ್ಲಿ ಒಂದು ಉಪನ್ಯಾಸ, ಒಂದು ಪ್ರತಿಜ್ಞಾವಿಧಿ, ಒಂದು ಗುಂಪು ಫೋಟೊ ಆಗುತ್ತದೆ. ಅದರಿಂದ ಹುಡುಗರ ಜೇಬಿನಲ್ಲಿರುವ ಪ್ಯಾಕೆಟ್ ಕಡಿಮೆ ಆದ ಹಾಗೆ ಕಾಣುವುದಿಲ್ಲ.

ಬರುವ ಸೆಮಿಸ್ಟರ್‌ನಲ್ಲಿ ಪ್ರಾಂಶುಪಾಲರು ಪ್ರತಿ ತರಗತಿಗೆ ಆರು ಪೀರಿಯಡ್ ಕೊಡಲು ಒಪ್ಪಿದ್ದಾರೆ. ಖರ್ಚಿಗೆ ಎನ್‌ಎಸ್‌ಎಸ್ ಘಟಕದ ಅಲ್ಪ ಹಣ ಬಿಟ್ಟರೆ ಬೇರೆ ಇಲ್ಲ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಹೇಗೆ ಹೇಳಿದರೆ ಮಕ್ಕಳು ಅಭ್ಯಾಸ ಬದಲಿಸುತ್ತಾರೆ? ಇನ್ನೊಂದು ತೊಡಕೂ ಇದೆ. ಇಲ್ಲಿ ಅಡಿಕೆಯೇ ಬದುಕು. ಅಡಿಕೆಯ ಬಗ್ಗೆ ಮಾತೆತ್ತಿದರೆ ಪೋಷಕರಿಂದಲೇ ಆಕ್ಷೇಪ ಬರುತ್ತದೆ. ಹೆಣ್ಣುಮಕ್ಕಳ ಲಸಿಕೆಯ ವಿಷಯಕ್ಕೂ ಅದೇ ಅಂಜಿಕೆ. ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಸಮುದಾಯ ವೈದ್ಯಕೀಯ ವಿಭಾಗ, ದಾವಣಗೆರೆ

ಮೇಷ್ಟ್ರೇ, ಆರು ಪೀರಿಯಡ್ ಧಾರಾಳ ಸಾಕು. ಆದರೆ ಸಭಾಂಗಣದಲ್ಲಿ ನಾನೂರು ಮಕ್ಕಳನ್ನು ಕೂರಿಸಬೇಡಿ. ಒಂದು ಗುಂಪಿಗೆ 30ರಿಂದ 40 ಜನ, ಎರಡು ವಾರಕ್ಕೊಂದು ಪಾಠ, 45 ನಿಮಿಷ. ಅದರಲ್ಲಿ ನೀವು ಮಾತಾಡುವುದು 15 ನಿಮಿಷ ಮೀರಬಾರದು. ಉಳಿದ ಹೊತ್ತು ಮಕ್ಕಳು ಏನಾದರೂ ಮಾಡುತ್ತಿರಬೇಕು.

ವಿಷಯ ಆರಿಸುವಾಗ ಒಂದೇ ಅಳತೆ ಇಟ್ಟುಕೊಳ್ಳಿ: ಕ್ಯಾನ್ಸರಿಗೆ ದಾರಿ ಮಾಡುವ ಯಾವ ಅಭ್ಯಾಸ 17ರಿಂದ 22ರ ವಯಸ್ಸಿನಲ್ಲಿ ಶುರುವಾಗುತ್ತದೆ, ಯಾವ ರಕ್ಷಣೆ ಆ ವಯಸ್ಸಿನಲ್ಲೇ ಸಿಗಬೇಕು? ಹಾಗೆ ನೋಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಅಡಿಕೆ ಮತ್ತು ತಂಬಾಕು, ಎಚ್‌ಪಿವಿ ಲಸಿಕೆ (ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧದ್ದು), ಮದ್ಯ, ಆಮೇಲೆ ಊಟ ಮತ್ತು ದೇಹದ ಚಟುವಟಿಕೆ. ನಾನಾದರೆ ಆರರಲ್ಲಿ ಮೂರು ಪೀರಿಯಡ್ ತಂಬಾಕು-ಅಡಿಕೆಗೇ ಕೊಡುತ್ತೇನೆ. ವಯಸ್ಕರ ತಂಬಾಕು ಬಳಕೆಯ ಬಗ್ಗೆ 2016-17ರಲ್ಲಿ ನಡೆದ ಗ್ಯಾಟ್ಸ್ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಜಗಿಯುವ ಅಥವಾ ಬಾಯಲ್ಲಿಟ್ಟುಕೊಳ್ಳುವವರು ಶೇ 16.3. ಅಂದರೆ ನಮ್ಮಲ್ಲಿ ಸಿಗರೇಟಿಗಿಂತ ಬಾಯಲ್ಲಿಡುವ ತಂಬಾಕಿನ ಹಾವಳಿ ದೊಡ್ಡದು. ಪೋಸ್ಟರುಗಳಲ್ಲಿ ಮಾತ್ರ ಯಾವಾಗಲೂ ಉರಿಯುವ ಸಿಗರೇಟಿನ ಚಿತ್ರವೇ ಇರುತ್ತದೆ.

ಭಾಷಣ ಯಾಕೆ ತಾಕುವುದಿಲ್ಲ ಎಂದರೆ ಅದು ಭಯ ಹುಟ್ಟಿಸಿ ನಿಲ್ಲುತ್ತದೆ. ಕೊಳೆತ ದವಡೆಯ ಚಿತ್ರ ನೋಡಿದ ಹುಡುಗ ಮುಖ ತಿರುಗಿಸುತ್ತಾನೆ, ‘ಅದು ವಯಸ್ಸಾದವರಿಗೆ ಬರೋದು’ ಎಂದು ಪಕ್ಕಕ್ಕಿಡುತ್ತಾನೆ. ಭಯದ ಹಿಂದೆಯೇ ‘ಈಗ ನಾನು ಇದನ್ನು ಮಾಡಬಲ್ಲೆ’ ಎನ್ನುವ ಒಂದು ಸಣ್ಣ ಕೆಲಸ ಕೈಗೆ ಸಿಗದಿದ್ದರೆ ಭಯ ಕರಗಿಹೋಗುತ್ತದೆ, ಅಭ್ಯಾಸ ಉಳಿಯುತ್ತದೆ. ಹಾಗಾಗಿ ಪ್ರತಿ ಪಾಠದ ಕೊನೆಗೂ ಅಂದೇ ಮಾಡಬಹುದಾದ ಒಂದು ಕೆಲಸ ಇರಲಿ: ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳುವುದು, ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆ ಹಾಕಿಸಿದ್ದಾರೋ ಎಂದು ಮನೆಯಲ್ಲಿ ಕೇಳುವುದು, ಇಂಥವು.

‘ಬೇಡ’ ಅನ್ನುವುದನ್ನೂ ಅಭ್ಯಾಸ ಮಾಡಿಸಲೇಬೇಕು. ಮೂವರ ಗುಂಪು ಮಾಡಿ. ಒಬ್ಬ ಕೊಡುವವನು, ಒಬ್ಬ ಬೇಡ ಅನ್ನುವವನು, ಒಬ್ಬ ನೋಡುವವನು. ಸುತ್ತಿಗೆ ಎರಡು ನಿಮಿಷ, ಮೂವರಿಗೂ ಮೂರು ಪಾತ್ರ ಬರಬೇಕು. ಕೊಡುವವನು ನಿಜವಾದ ಮಾತುಗಳನ್ನೇ ಆಡಲಿ: ‘ಒಂದ್ ದಮ್ ಎಳಿಯೋ, ಏನಾಗಲ್ಲ’, ‘ಇವತ್ತು ಬರ್ತ್‌ಡೇ ಮಗಾ’. ಬೇಡ ಅನ್ನುವವನಿಗೆ ನಿಯಮ ಒಂದೇ, ಕಾರಣ ಕೊಡಬಾರದು. ‘ಬೇಡ, ನಾನು ತಗೊಳ್ಳಲ್ಲ’ ಅಷ್ಟೇ. ಎರಡನೇ ಸಲ ಒತ್ತಾಯಿಸಿದರೆ ಅದೇ ಮಾತು, ಮೂರನೇ ಸಲಕ್ಕೆ ಜಾಗ ಬಿಡುವುದು. ‘ಕೆಮ್ಮಿದೆ’, ‘ಅಪ್ಪ ಬೈತಾರೆ’ ಅಂತ ಕಾರಣ ಕೊಟ್ಟ ಕೂಡಲೇ ಎದುರಿನವನಿಗೆ ಆ ಕಾರಣ ಕಿತ್ತುಹಾಕುವ ದಾರಿ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ಎರಡನೇ ಸುತ್ತಿಗೆ ಗಂಭೀರ ಆಗುತ್ತಾರೆ.

ಈ ಮಾತನ್ನು ತರಗತಿಯೊಳಗೆ ಮುಂದಕ್ಕೆ ಒಯ್ಯಲು ಮಕ್ಕಳಲ್ಲೇ ಕೆಲವರನ್ನು ಜೊತೆಗಾರ ನಾಯಕರಾಗಿ ಆರಿಸುವಾಗ ಮೊದಲ ಬೆಂಚಿನ ಜಾಣರನ್ನೇ ತೆಗೆದುಕೊಳ್ಳಬೇಡಿ. ಚೀಟಿ ಕೊಟ್ಟು ‘ನಿಮ್ಮ ತರಗತಿಯಲ್ಲಿ ಯಾರ ಮಾತಿಗೆ ಹೆಚ್ಚು ಬೆಲೆ?’ ಎಂದು ಕೇಳಿ. ಅತಿ ಹೆಚ್ಚು ಹೆಸರು ಬಂದವರನ್ನು ಕರೆಯಿರಿ, ಅವರಲ್ಲಿ ಗುಟ್ಕಾ ಹಾಕುವವನೊಬ್ಬ ಇದ್ದರೂ ಸರಿ. ತರಗತಿಯಲ್ಲಿ ಗಾಳಿ ಬೀಸುವ ದಿಕ್ಕನ್ನು ತೀರ್ಮಾನಿಸುವವರು ಅವರೇ.

ಇನ್ನು ವಾಟ್ಸ್ಯಾಪಿನಿಂದ ಬರುವ ಪ್ರಶ್ನೆಗಳು. ಮೈಕ್ರೊವೇವ್, ಮೊಬೈಲು, ಬಿಸಿಲಿಗಿಟ್ಟ ನೀರಿನ ಬಾಟಲಿ, ಡಿಯೊಡರೆಂಟ್, ಲಕ್ಷ್ಮಣ ಫಲದಿಂದ ಕ್ಯಾನ್ಸರ್ ವಾಸಿ ಇತ್ಯಾದಿ. ಇವನ್ನು ಒಂದೊಂದಾಗಿ ಅಲ್ಲಗಳೆಯುತ್ತ ಕೂತರೆ ಪೀರಿಯಡ್ ಮುಗಿಯುತ್ತದೆ. ಒಂದೇ ವಿಷಯ ಬಿಡಿಸಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ವಸ್ತುಗಳನ್ನು ಗುಂಪು ಮಾಡುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ಮೇಲೆ. ಅಪಾಯ ಎಷ್ಟು ದೊಡ್ಡದು ಎಂಬುದು ಬೇರೆಯೇ ಲೆಕ್ಕ. ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿರುವ ಮೊದಲ ಗುಂಪಿನಲ್ಲಿ ತಂಬಾಕೂ ಇದೆ, 2015ರಿಂದ ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸವೂ ಅಲ್ಲೇ ಇದೆ. ಹಾಗಂತ ಎರಡರ ಹಾನಿ ಸಮ ಅಲ್ಲ. ಮೊಬೈಲಿನ ರೇಡಿಯೊ ತರಂಗಗಳು 2011ರಲ್ಲಿ ‘2ಬಿ’ ಗುಂಪಿಗೆ ಬಂದವು, ಅಂದರೆ ಸಾಕ್ಷ್ಯ ದುರ್ಬಲ, ಅನುಮಾನ ಪೂರ್ತಿ ತಳ್ಳಿಹಾಕಿಲ್ಲ. ಇಷ್ಟು ತಿಳಿದ ಮೇಲೆ ಮಕ್ಕಳು ಮುಂದಿನ ಫಾರ್ವರ್ಡನ್ನು ತಾವೇ ಅಳೆಯುತ್ತಾರೆ.

ದಂತವೈದ್ಯೆ, ಬಾಯಿ ರೋಗ ವಿಭಾಗ

ಅಡಿಕೆ ವಿಷಯ ನಾನು ಹೇಳುತ್ತೇನೆ ಮೇಷ್ಟ್ರೇ. ಇದನ್ನು ಬಿಟ್ಟು ಚನ್ನಗಿರಿಯಲ್ಲಿ ಕ್ಯಾನ್ಸರ್ ಪಾಠ ಮಾಡಿದರೆ ಪಾಠ ಪೂರ್ತಿ ಆಗುವುದಿಲ್ಲ.

ತಂಬಾಕು ಇಲ್ಲದಿದ್ದರೂ ಬರೀ ಅಡಿಕೆ ಜಗಿಯುವುದೇ ಕ್ಯಾನ್ಸರ್ ಕಾರಕ ಎಂದು ಐಎಆರ್‌ಸಿ 2004ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಹುಡುಗರು ಹೇಳುವ ಮಾತು ಗೊತ್ತಲ್ಲ, ‘ನಾನು ತಂಬಾಕು ಹಾಕಲ್ಲ, ಬರೀ ಪಾನ್ ಮಸಾಲಾ’. ಅಲ್ಲೇ ಎಡವುವುದು. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯೊಳಗಿನ ಜೀವಕೋಶಗಳನ್ನು ಕೆಣಕಿ ಕೊಲಾಜೆನ್ ನಾರು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಅಡಿಕೆಯ ಟ್ಯಾನಿನ್ ಮತ್ತು ತಾಮ್ರದ ಅಂಶ ಆ ನಾರನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ, ಕರಗಲು ಬಿಡುವುದಿಲ್ಲ. ಕೆನ್ನೆ ಬಿಳಿಚಿ ಬಿಗಿಯಾಗುತ್ತದೆ, ಖಾರ ತಿಂದರೆ ಉರಿ, ನಿಧಾನಕ್ಕೆ ಬಾಯಿ ತೆರೆಯುವುದೇ ಕಷ್ಟ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರಿನ ಮುನ್ನ ಸ್ಥಿತಿ. ಜಗಿಯುವುದನ್ನು ಬಿಟ್ಟರೂ ಬಂದ ಬಿಗಿತ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಆದರೆ ಅಲ್ಲಿಗೆ ತಡೆಯಬಹುದು. ವೀಳ್ಯದೆಲೆಯ ಜೊತೆ ಹಾಕುವವರಿಗಿಂತ ಪ್ಯಾಕೆಟ್ಟಿನ ಒಣ ಪುಡಿ ಹಾಕುವವರಲ್ಲಿ ಇದು ಬೇಗ ಬರುತ್ತದೆ. ಅಲ್ಲಿ ಅಡಿಕೆಯ ಪ್ರಮಾಣ ಹೆಚ್ಚು, ದಿನಕ್ಕೆ ಹಾಕುವ ಸಲವೂ ಹೆಚ್ಚು.

ಸುಣ್ಣದ ಪಾತ್ರವನ್ನೂ ಹೇಳಿ. ಸುಣ್ಣ ಬಾಯಿಯ ಕ್ಷಾರಗುಣ ಏರಿಸುತ್ತದೆ, ಆಗ ನಿಕೋಟಿನ್ ಸರಕ್ಕನೆ ರಕ್ತಕ್ಕೆ ಇಳಿಯುತ್ತದೆ. ಹೊಗೆಸೊಪ್ಪಿಗೆ ಸುಣ್ಣ ಉಜ್ಜುವುದು ಅದಕ್ಕೇ. ಬಿಎಸ್ಸಿ ಮಕ್ಕಳಾದರೆ ಲಿಟ್ಮಸ್ ಕಾಗದದಲ್ಲಿ ತೋರಿಸಬಹುದು, ಲ್ಯಾಬಿನಲ್ಲಿ ಇದ್ದೇ ಇರುತ್ತದೆ.

ಪಾಠದಲ್ಲಿ ಬಾಯಿ ಪರೀಕ್ಷೆ ಕಲಿಸಿ. ಬೇಕಾಗುವುದು ಕೈತೊಳೆಯಲು ನೀರು-ಸೋಪು, ಒಂದು ಅಂಗೈ ಅಗಲದ ಕನ್ನಡಿ, ಮೊಬೈಲ್ ಟಾರ್ಚು, ಸ್ವಚ್ಛ ಕರವಸ್ತ್ರ. ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆ ಕೂರಿಸಿದರೆ ಸಂಕೋಚ ಕಡಿಮೆ. ಮೊದಲು ಮೂರು ಬೆರಳಿನ ಅಳತೆ: ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ಒಂದರ ಮೇಲೊಂದು ಬರುವಂತೆ ಮುಂದಿನ ಮೇಲುಹಲ್ಲು-ಕೆಳಹಲ್ಲುಗಳ ನಡುವೆ ಇಡುವುದು. ಅವರವರ ಬೆರಳು, ಅವರವರ ಬಾಯಿ. ಮೂರೂ ಸಲೀಸಾಗಿ ಹೋಗಬೇಕು. ಎರಡೇ ಹೋದರೆ ದಂತವೈದ್ಯರಿಗೆ ತೋರಿಸಬೇಕು.

ಆಮೇಲೆ ತುಟಿ ಮಗುಚಿ ಒಳಭಾಗ ಮತ್ತು ವಸಡು ನೋಡಿಕೊಳ್ಳಲಿ. ಕೆನ್ನೆಯನ್ನು ಬೆರಳಿಂದ ಹೊರಕ್ಕೆ ಎಳೆದು ಹಿಂದಿನ ದವಡೆ ಹಲ್ಲಿನ ತನಕ ಬೆಳಕು ಬಿಡಲಿ. ಪ್ಯಾಕೆಟ್ ಹಾಕುವವರು ಯಾವ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೋ ಅಲ್ಲಿ ಎರಡು ಸಲ ನೋಡಬೇಕು, ಗಾಯ ಶುರುವಾಗುವುದು ಹೆಚ್ಚಾಗಿ ಅಲ್ಲೇ. ನಾಲಿಗೆಯ ತುದಿಯನ್ನು ಕರವಸ್ತ್ರದಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅಂಚುಗಳನ್ನು ನೋಡುವುದು. ಬಹಳ ಜನ ನಾಲಿಗೆ ಚಾಚಿ ಮೇಲ್ಭಾಗ ಮಾತ್ರ ನೋಡಿ ಮುಗಿಸುತ್ತಾರೆ, ತೊಂದರೆ ಇರುವುದು ಅಂಚಿನಲ್ಲಿ. ನಾಲಿಗೆಯನ್ನು ಅಂಗಳಕ್ಕೆ (ಬಾಯಿಯ ಮೇಲ್ಛಾವಣಿಗೆ) ಮುಟ್ಟಿಸಿ ಅಡಿಭಾಗ, ತಲೆ ಹಿಂದಕ್ಕೆ ಬಾಗಿಸಿ ಅಂಗಳ. ಕೊನೆಗೆ ದವಡೆಯ ಕೆಳಗೆ, ಕತ್ತಿನ ಎರಡೂ ಬದಿ ಬೆರಳಾಡಿಸಿ ಗಂಟು ಇದೆಯೋ ನೋಡುವುದು. ಎಲ್ಲ ಸೇರಿ ಐದು ನಿಮಿಷ ಸಾಕು. ತಿಂಗಳಿಗೊಮ್ಮೆ ಮಾಡಲಿ.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮರಗಟ್ಟಿದ ತುಟಿ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಬಿಳಿಗಿಂತ ಕೆಂಪು ಹೆಚ್ಚು ಅಪಾಯಕಾರಿ ಎಂಬುದು ಯಾರಿಗೂ ಗೊತ್ತಿರುವುದಿಲ್ಲ, ಒತ್ತಿ ಹೇಳಿ. ‘ನೋವಿಲ್ಲ, ಹಾಗಾಗಿ ಏನೂ ಇಲ್ಲ’ ಎನ್ನುವ ನಂಬಿಕೆಯನ್ನೂ ಮುರಿಯಿರಿ. ಆರಂಭದಲ್ಲಿ ನೋವಿರದಿರುವುದೇ ಹೆಚ್ಚು. ಹಾಗೆಯೇ ಪರೀಕ್ಷೆ ಹತ್ತಿರ ಬಂದಾಗ ಬರುವ ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ ಎಂದೂ ಹೇಳದಿದ್ದರೆ ಹೆದರಿದ ಮಕ್ಕಳ ಸಾಲೇ ನಿಮ್ಮ ಕೊಠಡಿಯ ಮುಂದೆ ನಿಲ್ಲುತ್ತದೆ.

ಎನ್‌ಎಸ್‌ಎಸ್ ಮೇಷ್ಟ್ರು (ಚನ್ನಗಿರಿ ತಾಲ್ಲೂಕು)

ಮೇಡಂ, ಬಾಯಿ ಪರೀಕ್ಷೆಯ ಭಾಗವನ್ನು ಹಾಗೇ ಬರೆದಿಟ್ಟುಕೊಂಡೆ. ಆದರೆ ‘ಕೆಂಪಡಿಕೆ ಬೇಯಿಸಿದ್ದು, ಏನಾಗಲ್ಲ’, ‘ಪೂಜೆಗೆ, ಮದುವೆಗೆ ಬೇಕೇಬೇಕಲ್ಲ’, ‘ಅಡಿಕೆಗೆ ಕೆಟ್ಟ ಹೆಸರು ತರುತ್ತೀರಿ’ ಎಂದು ಮನೆಯವರು ಕೇಳಿದರೆ ಹೇಗೆ ಉತ್ತರಿಸುವುದು?

ದಂತವೈದ್ಯೆ, ಬಾಯಿ ರೋಗ ವಿಭಾಗ

ಬೆಳೆಯ ಬಗ್ಗೆ ಒಂದು ಮಾತೂ ಬೇಡ. ಧಾರಣೆ, ಆಮದು, ನಿಷೇಧ ಯಾವುದಕ್ಕೂ ಹೋಗಬೇಡಿ, ಅದು ಆರೋಗ್ಯ ಪಾಠದ ಕೆಲಸ ಅಲ್ಲ. ತೋಟದ ಮನೆಯ ಮಕ್ಕಳನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದರೆ ಅವರ ಕಿವಿ ಅಲ್ಲೇ ಮುಚ್ಚಿತು. ಪೂಜೆಯ ತಟ್ಟೆಯಲ್ಲಿರುವ ಅಡಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಮಾತು ಬಾಯಿಗೆ ಹಾಕಿ ಜಗಿಯುವುದರ ಬಗ್ಗೆ, ಅದೂ ದಿನವೂ ಹತ್ತಾರು ಸಲ. ಬೇಯಿಸಿದರೆ ಅರೆಕೋಲಿನ್ ಒಂದಿಷ್ಟು ಇಳಿಯಬಹುದು, ಇಲ್ಲವಾಗುವುದಿಲ್ಲ. ಕೆಂಪಡಿಕೆ, ಚಾಲಿ, ಸಿಹಿ ಸುಪಾರಿ, ಯಾವುದಕ್ಕೂ ಸುರಕ್ಷಿತ ಎಂಬ ಪಟ್ಟ ಕೊಡಲಾಗದು. ಇಷ್ಟನ್ನು ಗೌರವದಿಂದ ಹೇಳಿದರೆ ಮನೆಯವರೂ ಒಪ್ಪುತ್ತಾರೆ, ಅವರ ಮಗನ ಬಾಯಿಯ ಮಾತು ತಾನೇ.

ಸ್ತ್ರೀರೋಗ ತಜ್ಞೆ, ಮೈಸೂರು

ಲಸಿಕೆಯ ಪಾಠಕ್ಕೆ ಒಂದು ಪೂರ್ತಿ ಪೀರಿಯಡ್ ಇಡಿ, ಹುಡುಗರನ್ನೂ ಕೂರಿಸಿ. ಎಚ್‌ಪಿವಿ ವೈರಸ್ ಗಂಡಿಗೂ ಹೆಣ್ಣಿಗೂ ತಗಲುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಮಾತ್ರವಲ್ಲ, ಗಂಟಲಿನ ಹಿಂಭಾಗದ ಕೆಲವು ಕ್ಯಾನ್ಸರ್‌ಗಳಿಗೂ ಅದೇ ಕಾರಣ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70 ಈ ವೈರಸ್ಸಿನ 16 ಮತ್ತು 18ನೇ ಬಗೆಗಳಿಂದ ಬರುತ್ತವೆ. ನಮ್ಮಲ್ಲಿ ಸಿಗುವ ಲಸಿಕೆಗಳಲ್ಲಿ ಸೀರಂ ಸಂಸ್ಥೆಯ ಸರ್ವಾವ್ಯಾಕ್ 6, 11, 16, 18 ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ, ಗಾರ್ಡಸಿಲ್ 9 ಒಂಬತ್ತನ್ನು.

ಅತ್ಯುತ್ತಮ ವಯಸ್ಸು 9ರಿಂದ 14. ಆಗ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ, ಆದರೆ ತಡವಾಗಿಲ್ಲ, 26ರ ತನಕ ಕೊಡುತ್ತಾರೆ. 15 ದಾಟಿದವರಿಗೆ ತಯಾರಕರು ಹೇಳುವುದು ಮೂರು ಡೋಸ್: ಇವತ್ತು, ಎರಡನೇ ತಿಂಗಳು, ಆರನೇ ತಿಂಗಳು. 20ರವರೆಗಿನ ಹೆಣ್ಣುಮಕ್ಕಳಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆದ್ದರಿಂದ ಮೂರಕ್ಕೂ ಹಣ ಇಲ್ಲವೆಂದು ಮೊದಲನೆಯದನ್ನೇ ಬಿಡಬಾರದು, ಎಷ್ಟು ಎಂಬುದನ್ನು ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಲಿ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡನೇ ಡೋಸ್ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು.

‘ಮದುವೆಯಾಗದ ಹುಡುಗಿಗೆ ಯಾಕೆ?’ ಎಂದು ತಾಯಂದಿರು ಕೇಳುತ್ತಾರೆ. ಉತ್ತರ ಸರಳ: ವೈರಸ್ ಮೈಗೆ ಸೇರುವ ಮೊದಲು ಹಾಕಿದರೆ ಲಸಿಕೆ ಪೂರ್ತಿ ಕೆಲಸ ಮಾಡುತ್ತದೆ, ಸೇರಿದ ಮೇಲೆ ಅದನ್ನು ಓಡಿಸುವ ಶಕ್ತಿ ಇದಕ್ಕಿಲ್ಲ. ಮುಂದೆ ಗಂಡನಿಂದಲೂ ತಗಲಬಹುದಾದ ಸೋಂಕಿಗೆ ಈಗಲೇ ತಡೆ. ನಡತೆಯ ಪ್ರಶ್ನೆಯೇ ಇಲ್ಲಿಲ್ಲ. ಮಕ್ಕಳಾಗುವುದಕ್ಕೆ ತೊಂದರೆ ಎನ್ನುವುದು ಸುಳ್ಳು. ಗರ್ಭಿಣಿಗೆ ಮಾತ್ರ ಕೊಡುವುದಿಲ್ಲ, ಹೆರಿಗೆಯ ತನಕ ಮುಂದೂಡುತ್ತಾರೆ. ಮೊದಲ ವರ್ಷದವರಲ್ಲಿ 18 ತುಂಬದವರು ಇರುತ್ತಾರೆ, ಅವರಿಗೆ ಪೋಷಕರ ಸಹಿ ಬೇಕು.

ಕಾಲೇಜಿನಲ್ಲೇ ಶಿಬಿರ ಮಾಡುವ ಆಸೆ ಇದ್ದರೆ ಆರೋಗ್ಯ ಇಲಾಖೆ ಅಥವಾ ಆಸ್ಪತ್ರೆಯ ಮೂಲಕವೇ ಮಾಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು, ಮಂಜುಗಡ್ಡೆಗೆ ನೇರವಾಗಿ ತಾಗಿಸಿಟ್ಟರೆ ಆಗುವ ಅನಾಹುತ ಇದೇ. ಚುಚ್ಚಿದ ಮೇಲೆ 15 ನಿಮಿಷ ಕೂರಿಸಲೇಬೇಕು. ಈ ವಯಸ್ಸಿನವರು ಸೂಜಿಯ ಅಂಜಿಕೆಗೆ ತಲೆಸುತ್ತಿ ಬೀಳುವುದುಂಟು, ಒಬ್ಬಳು ಬಿದ್ದರೆ ನೋಡಿದ ನಾಲ್ವರು ಬೀಳುತ್ತಾರೆ, ಸಂಜೆಗೆ ಊರೆಲ್ಲ ವದಂತಿ. ತಿಂಡಿ ತಿಂದು ಬರಲು ಹೇಳಿ, ಚುಚ್ಚುವ ಜಾಗವನ್ನು ಸಾಲಿನಲ್ಲಿ ನಿಂತವರಿಗೆ ಕಾಣದಂತೆ ಮರೆಮಾಡಿ, ಮಲಗಲು ಎರಡು ಬೆಂಚು ಹಾಕಿಡಿ.

ಲಸಿಕೆ ಹಾಕಿಸಿದವರೂ 30ರ ಬಳಿಕ ಗರ್ಭಕೊರಳಿನ ತಪಾಸಣೆ ಬಿಡಬಾರದು, ಎಲ್ಲ ಬಗೆಯ ಎಚ್‌ಪಿವಿಯನ್ನೂ ಈ ಲಸಿಕೆ ತಡೆಯುವುದಿಲ್ಲ. ಆ ವಯಸ್ಸು ಈಗ ಅವರ ಅಮ್ಮಂದಿರದ್ದು. ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಗೆ ಕೇಳಿದರೆ ಎಲ್ಲಿ, ಯಾವ ದಿನ ಎಂದು ಹೇಳುತ್ತಾರೆ. ಮಗಳು ಕೈಹಿಡಿದು ಕರೆದುಕೊಂಡು ಹೋದರೆ ಹೋಗುವ ತಾಯಿ, ಪೋಸ್ಟರ್ ನೋಡಿ ಹೋಗುವುದಿಲ್ಲ.

ಸ್ತನದ ವಿಷಯದಲ್ಲಿ ಹದ ತಪ್ಪಬೇಡಿ. ಇಪ್ಪತ್ತರ ವಯಸ್ಸಿನಲ್ಲಿ ಕೈಗೆ ಸಿಗುವ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮ, ಕ್ಯಾನ್ಸರ್ ಅಲ್ಲ. ತಮ್ಮ ಮೈಯ ಸಹಜ ರೂಪ ಗೊತ್ತಿರಲಿ, ಹೊಸ ಬದಲಾವಣೆ ಕಂಡರೆ ತೋರಿಸಲಿ, ಅಷ್ಟು ಸಾಕು. ಹುಡುಗರಿಗೆ ವೃಷಣದ ಬಗ್ಗೆ ಯಾರೂ ಹೇಳುವುದೇ ಇಲ್ಲ. ಆ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 35ರೊಳಗೆ, ನೋವಿಲ್ಲದ ಗಟ್ಟಿ ಗಂಟಿನ ರೂಪದಲ್ಲಿ. ಬೇಗ ಬಂದರೆ ಬಹುಪಾಲು ಪೂರ್ತಿ ವಾಸಿಯಾಗುತ್ತದೆ, ನಾಚಿಕೆಯಿಂದ ಮುಚ್ಚಿಟ್ಟರೆ ಹರಡುತ್ತದೆ. ಇದನ್ನು ಒಬ್ಬ ಗಂಡು ಉಪನ್ಯಾಸಕರು ಎರಡು ನಿಮಿಷದಲ್ಲಿ ಹೇಳಬಹುದು.

ತಂಬಾಕು ವ್ಯಸನಮುಕ್ತಿ ಆಪ್ತಸಮಾಲೋಚಕ, ಬೆಂಗಳೂರು

ಮೇಲೆ ಎಲ್ಲರೂ ಶುರುಮಾಡದಂತೆ ತಡೆಯೋದು ಹೇಳಿದ್ದಾರೆ. ಆಗಲೇ ಹಿಡಿದಿರೋರಿಗೆ ಏನು? ತರಗತಿಯಲ್ಲಿ ಕೈ ಎತ್ತಿಸಬೇಡಿ ಸರ್. ಯಾರು ಹಾಕ್ತಾರೆ ಅಂತ ಒಂದು ಸಲ ಬಯಲಾದರೆ ಮತ್ತೆ ಯಾರೂ ನಿಮ್ಮ ಹತ್ತಿರ ಬರಲ್ಲ. ಎಲ್ಲರಿಗೂ ಒಂದೇ ಚೀಟಿ ಕೊಡಿ, ಅದರಲ್ಲಿ ತಂಬಾಕು ಬಿಡೋಕೆ ನೆರವಾಗೋ ರಾಷ್ಟ್ರೀಯ ಸಹಾಯವಾಣಿ (ಕ್ವಿಟ್‌ಲೈನ್) ನಂಬರ್ 1800-11-2356 ಇರಲಿ. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ, ದಕ್ಷಿಣದ ಭಾಷೆಗಳ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ. ಪ್ಯಾಕೆಟ್ ಮೇಲೂ ಈ ನಂಬರ್ ಅಚ್ಚಾಗಿದೆ, ಯಾರೂ ಓದಿರಲ್ಲ.

ಬಿಡೋಕೆ ಮನಸ್ಸು ಮಾಡಿದವನಿಗೆ ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿಸಿ, ಪರೀಕ್ಷೆ ಇರೋ ವಾರ ಬೇಡ. ಅವನು ಎಷ್ಟು ಅಂಟಿಕೊಂಡಿದಾನೆ ತಿಳಿಯೋಕೆ ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು? ಅರ್ಧ ಗಂಟೆಯೊಳಗೆ ಅಂದ್ರೆ ನಿಕೋಟಿನ್ ಹಿಡಿತ ಜೋರಾಗಿದೆ, ಅವನನ್ನು ವೈದ್ಯರ ಹತ್ತಿರ ಕಳಿಸಿ. ಉಳಿದವರಿಗೆ ಯಾವಾಗ, ಎಲ್ಲಿ, ಯಾರ ಜೊತೆ ಅಂತ ಮೂರು ದಿನ ಬರೆಯೋಕೆ ಹೇಳಿ. ಬರೆದದ್ದು ನೋಡಿದ್ರೆ ಟೀ ಅಂಗಡಿ, ಬಸ್ ಕಾಯೋ ಹೊತ್ತು, ಊಟದ ನಂತರ, ಹೀಗೆ ಮೂರು ನಾಲ್ಕು ಜಾಗ ಎದ್ದು ಕಾಣುತ್ತೆ. ಒಂದೊಂದಕ್ಕೂ ಬದಲಿ ಬರೆಸಿ. ‘ಊಟ ಆದ ಕೂಡಲೇ ಹಲ್ಲುಜ್ಜುತ್ತೇನೆ’ ಅನ್ನುವಷ್ಟು ನಿಖರವಾಗಿರಲಿ. ‘ಕಡಿಮೆ ಮಾಡ್ತೀನಿ’ ಅನ್ನೋದು ಯೋಜನೆ ಅಲ್ಲ.

ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ದೆಗೇಡು, ತಲೆನೋವು ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಬೇಕೇಬೇಕು ಅನ್ನೋ ಒತ್ತಡ ಒಂದೊಂದು ಸಲ ಬಂದಾಗ ಕೆಲವೇ ನಿಮಿಷ ಇರುತ್ತೆ. ಆ ಹೊತ್ತಿಗೆ ನೀರು ಕುಡಿಯೋದು, ದೀರ್ಘ ಉಸಿರು, ಜಾಗ ಬದಲಿಸೋದು, ಸೋಂಪು ಅಥವಾ ಲವಂಗ. ಅಡಿಕೆ ಬೇಡ, ಬದಲಿ ಅಂತ ಸುಪಾರಿಗೆ ಹೋಗೋರು ಬಹಳ. ನಿಕೋಟಿನ್ ಗಮ್ 2 ಮಿಲಿಗ್ರಾಂನದು ಔಷಧಿ ಅಂಗಡೀಲಿ ಸಿಗುತ್ತೆ, 4ರದಕ್ಕೆ ವೈದ್ಯರ ಚೀಟಿ ಬೇಕು. ಚ್ಯೂಯಿಂಗ್ ಗಮ್ ಥರ ಅಗಿದು ನುಂಗಿದ್ರೆ ಬಿಕ್ಕಳಿಕೆ, ಎದೆಯುರಿ, ಆಮೇಲೆ ‘ಕೆಲಸ ಮಾಡಲ್ಲ’ ಅಂತಾರೆ. ನಿಧಾನ ಅಗಿದು, ಜುಮ್ಮೆಂದ ಕೂಡಲೇ ಕೆನ್ನೆ-ವಸಡಿನ ನಡುವೆ ಇಡಬೇಕು, ಜುಮ್ಮು ಹೋದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಕಾಫಿ, ಕೋಲಾ ಕುಡಿದು 15 ನಿಮಿಷ ಆಗಿರಬೇಕು, ಹುಳಿ ಇದ್ದರೆ ನಿಕೋಟಿನ್ ಇಳಿಯಲ್ಲ. ಮಧ್ಯೆ ಒಮ್ಮೆ ಜಾರಿದ್ರೆ ಅವನನ್ನು ಬೈಬೇಡಿ, ಮತ್ತೆ ಅವತ್ತಿನಿಂದಲೇ ಮುಂದುವರಿಸಲಿ.

ವೇಪ್ ಬಗ್ಗೆ ಕೇಳೇ ಕೇಳ್ತಾರೆ. 2019ರ ಕಾಯ್ದೆಯಿಂದ ಇ-ಸಿಗರೇಟ್ ಮಾರೋದು ದೇಶದಲ್ಲೇ ನಿಷಿದ್ಧ, ಒಳಗಿರೋದು ಅದೇ ನಿಕೋಟಿನ್. ಹುಕ್ಕಾ ನೀರಿನಲ್ಲಿ ಸೋಸಿ ಬರುತ್ತೆ ಅನ್ನೋದೂ ಸುಳ್ಳು, ಹೊಗೆ ತಣ್ಣಗಾಗುತ್ತೆ ಅಷ್ಟೇ, ವಿಷ ಹಾಗೇ ಇರುತ್ತೆ.

ಕಾಂಪೌಂಡ್ ಹೊರಗಿನ ಗೂಡಂಗಡಿಗೆ ಕಾನೂನು ಇದೆ. 2003ರ ಕೇಂದ್ರ ಕಾಯ್ದೆ ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರಾಟ ನಿಷೇಧಿಸಿತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಲ್ಲಿ ಅದು ನೂರು ಮೀಟರ್, 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿ ತನಕ. ಕಾಲೇಜಿನ ಹೊರಗೋಡೆಯಿಂದ ಟೇಪ್ ಹಿಡಿದು ಅಳೆದು ರಸ್ತೆಗೆ ಹಳದಿ ಗೆರೆ ಎಳೆಯೋ ಕೆಲಸ ಎನ್‌ಎಸ್‌ಎಸ್ ಮಕ್ಕಳೇ ಮಾಡಬಹುದು. ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಮೊದಲು ಪತ್ರ ಬರೆದು ಅವರ ಜೊತೆ ಮಾಡಿ. ಮಕ್ಕಳನ್ನು ಅಂಗಡಿಯವರ ಜೊತೆ ಜಗಳಕ್ಕೆ ಬಿಡಬೇಡಿ, ಅವರೂ ಅದೇ ಊರಿನವರು.

ಆಹಾರ ತಜ್ಞೆ, ಹಾಸ್ಟೆಲ್ ಊಟದ ಕೆಲಸ

ಹಾಸ್ಟೆಲ್ ಇದೆ ಎಂದಿರಿ, ಹಾಗಾದರೆ ಊಟದ ಪಾಠ ಅಡುಗೆಮನೆಯ ಲೆಕ್ಕದಿಂದಲೇ ಶುರುವಾಗಲಿ. ಹಣ್ಣು-ತರಕಾರಿ ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ತರಕಾರಿಯ ಪಾಲು 300 ಗ್ರಾಂ ಎಂದು ಹಿಡಿದರೂ 100 ಮಕ್ಕಳಿಗೆ ದಿನಕ್ಕೆ 30 ಕೆಜಿ. ದಾಸ್ತಾನು ಪುಸ್ತಕ ತೆಗೆದು ನಿಜವಾಗಿ ಎಷ್ಟು ಬರುತ್ತಿದೆ ಎಂದು ಬಿಕಾಂ ಮಕ್ಕಳಿಂದಲೇ ಲೆಕ್ಕ ಹಾಕಿಸಿ. 12 ಕೆಜಿ ಬರುತ್ತಿದ್ದರೆ ತಲೆಗೆ 120 ಗ್ರಾಂ, ಸಾಂಬಾರಿನಲ್ಲಿ ಎರಡು ಹೋಳು. ಈ ಅಂಕಿ ಕೈಯಲ್ಲಿದ್ದರೆ ವಾರ್ಡನ್ ಜೊತೆ ಮಾತಾಡುವುದು ಸುಲಭ. ಹಣ ಹೆಚ್ಚಿಸಲಾಗದಿದ್ದರೆ ನುಗ್ಗೆಸೊಪ್ಪು, ಹರಿವೆ, ಸೀಮೆಬದನೆ, ಮೂಲಂಗಿ ಕೋಸಂಬರಿಯಿಂದ ತೂಕ ತುಂಬಿಸಬಹುದು.

ನಾರಿನಂಶಕ್ಕೆ ರಾಗಿಯೇ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ದೊಡ್ಡ ಕರುಳಿನ ಕ್ಯಾನ್ಸರ್ ತಡೆಗೆ ನಾರಿನ ಪಾತ್ರಕ್ಕೆ ಒಳ್ಳೆಯ ಆಧಾರವಿದೆ. ವಾರಕ್ಕೆ ನಾಲ್ಕು ದಿನ ರಾತ್ರಿ ಮುದ್ದೆ ಮಾಡಿದರೂ ವ್ಯತ್ಯಾಸ ಆಗುತ್ತದೆ. ಮುಗ್ಗಲು ಹಿಡಿದ ಶೇಂಗಾ ಮಾತ್ರ ಅಡುಗೆಗೆ ಹೋಗಕೂಡದು, ಅದರ ಶಿಲೀಂಧ್ರ ಬಿಡುವ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಕೆಟ್ಟದ್ದೇ, ಆದರೆ ಅದರ ಹಾನಿ ಮುಖ್ಯವಾಗಿ ಹೃದಯಕ್ಕೆ. ಕ್ಯಾನ್ಸರ್ ಪಾಠದಲ್ಲಿ ಅದನ್ನು ಮುಂದೆ ತಂದು ಅಡಿಕೆ, ಮದ್ಯವನ್ನು ಹಿಂದೆ ಸರಿಸಬೇಡಿ.

ಮದ್ಯದ ಪಾಠಕ್ಕೆ ಒಂದು ಗುಣಾಕಾರ ಸಾಕು. ‘ಬೀರು ತಾನೇ’ ಅನ್ನುವವರಿಗೆ ಬೋರ್ಡಿನ ಮೇಲೆ ಬರೆಸಿ: 650 ಮಿಲಿ, ಶೇ 5 ಅಂದರೆ 32.5 ಮಿಲಿ ಆಲ್ಕೊಹಾಲ್, ತೂಕಕ್ಕೆ ಸುಮಾರು 26 ಗ್ರಾಂ. ಶೇ 42.8ರ ವಿಸ್ಕಿ 60 ಮಿಲಿಯಲ್ಲಿ ಸುಮಾರು 20 ಗ್ರಾಂ. ಶೇ 8ರ ಸ್ಟ್ರಾಂಗ್ ಬೀರಾದರೆ 41 ಗ್ರಾಂ, ಎರಡು ದೊಡ್ಡ ಪೆಗ್ಗಿಗೆ ಸಮ. ದೇಹ ಅದನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ, ಅದು ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ, ಇಷ್ಟೂ ಕಡೆ ಅಪಾಯ ಏರುತ್ತದೆ. ತಂಬಾಕು ಜೊತೆಗಿದ್ದರೆ ಬಾಯಿ-ಗಂಟಲಿನ ಅಪಾಯ ಎರಡನ್ನೂ ಕೂಡಿದ್ದಕ್ಕಿಂತ ಹೆಚ್ಚು.

ವ್ಯಾಯಾಮಕ್ಕೆ ವಾರಕ್ಕೆ 150 ನಿಮಿಷದ ಬಿರುನಡಿಗೆ ಗುರಿ. ತರಗತಿಯಲ್ಲಿ ಯಾರ ತೂಕವನ್ನೂ ಎಲ್ಲರೆದುರು ನೋಡಬೇಡಿ, ದಪ್ಪಗಿರುವ ಒಂದು ಹುಡುಗಿ ಆ ದಿನದಿಂದ ನಿಮ್ಮ ಪಾಠಕ್ಕೇ ಬರುವುದಿಲ್ಲ.

ಎನ್‌ಎಸ್‌ಎಸ್ ಮೇಷ್ಟ್ರು (ಚನ್ನಗಿರಿ ತಾಲ್ಲೂಕು)

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಕೊನೆಯದಾಗಿ ಒಂದೇ ಪ್ರಶ್ನೆ. ಬದಲಾವಣೆ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಹೆಸರು ಬರೆಸಿದರೆ ನಿಜ ಹೇಳುವುದಿಲ್ಲ, ಬರೆಸದಿದ್ದರೆ ಮೊದಲಿನದಕ್ಕೂ ನಂತರದ್ದಕ್ಕೂ ಹೋಲಿಕೆ ಮಾಡಲಾಗುವುದಿಲ್ಲ.

ಸಮುದಾಯ ವೈದ್ಯಕೀಯ ವಿಭಾಗ, ದಾವಣಗೆರೆ

ಹೆಸರಿನ ಬದಲು ಗುಟ್ಟಿನ ಗುರುತು ಬರೆಸಿ: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಮನೆಯ ಫೋನ್ ನಂಬರಿನ ಕೊನೆಯ ಎರಡು ಅಂಕಿ. ಅವರಿಗೆ ನೆನಪಿರುತ್ತದೆ, ನಿಮಗೆ ಯಾರೆಂದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೊದಲ ಪಾಠಕ್ಕೆ ಮುಂಚೆ ಒಮ್ಮೆ, ಕೊನೆಯ ಪಾಠವಾದ ಮೂರು ತಿಂಗಳಿಗೆ ಇನ್ನೊಮ್ಮೆ. ಪಾಠ ಮುಗಿದ ದಿನವೇ ಬರೆಸಿದರೆ ನೆನಪಿನ ಶಕ್ತಿ ಅಳೆದಂತಾಗುತ್ತದೆ. ಹತ್ತು ಪ್ರಶ್ನೆ ಮೀರಬೇಡಿ. ‘ತಂಬಾಕು ಕೆಟ್ಟದ್ದೇ?’ ಎಂದು ಕೇಳಬೇಡಿ, ‘ಕಳೆದ 30 ದಿನದಲ್ಲಿ ಎಷ್ಟು ದಿನ ಗುಟ್ಕಾ, ಪಾನ್ ಮಸಾಲಾ ಅಥವಾ ಅಡಿಕೆ ಹಾಕಿದ್ದೀರಿ?’, ‘ಕಳೆದ 7 ದಿನದಲ್ಲಿ ಎಷ್ಟು ದಿನ ಹಣ್ಣು ತಿಂದಿದ್ದೀರಿ?’, ‘ಎಚ್‌ಪಿವಿ ಲಸಿಕೆ ಎಷ್ಟು ಡೋಸ್ ಆಗಿದೆ?’ ಎಂದು ಕೇಳಿ. ಹಾಳೆಗಳನ್ನು ಡಬ್ಬಿಗೆ ಅವರೇ ಹಾಕಲಿ, ತರಗತಿ ಉಪನ್ಯಾಸಕರು ಹೊರಗಿರಲಿ. ಪ್ರಾಂಶುಪಾಲರಿಗೆ ಒಟ್ಟು ಅಂಕಿ ಮಾತ್ರ ಕೊಡಿ, ಹಾಳೆ ಕೊಡಬೇಡಿ.

ಇನ್ನೊಂದು ಕೆಲಸ ಇವತ್ತೇ ಶುರುಮಾಡಿ. ಬಾಯಿ ಪರೀಕ್ಷೆಯ ಪಾಠ ಆದ ಮೇಲೆ ಯಾರೋ ಕೆಲವರಿಗೆ ಮಚ್ಚೆ ಕಂಡೇ ಕಾಣುತ್ತದೆ. ಅವರನ್ನು ಎಲ್ಲಿಗೆ ಕಳಿಸುವುದು ಎಂಬುದು ಗೊತ್ತಿಲ್ಲದೆ ಪಾಠ ಇಡಬೇಡಿ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರೊಡನೆ ಮಾತಾಡಿ ವಾರದ ಯಾವ ದಿನ, ಎಷ್ಟು ಗಂಟೆಗೆ ಎಂದು ಗೊತ್ತುಮಾಡಿಕೊಳ್ಳಿ. ಹೋಗುವವರ ಕೈಗೆ ಕಾಲೇಜಿನ ಚೀಟಿ ಬೇಡ, ದಾರಿಯಲ್ಲಿ ಗೆಳೆಯರು ಓದುತ್ತಾರೆ. ದಿನ, ಹೊತ್ತು, ಕೊಠಡಿ ಸಂಖ್ಯೆ ಮೊಬೈಲಿಗೆ ಕಳಿಸಿ. ಅಲ್ಲಿಂದ ಮುಂದೆ ಬಯಾಪ್ಸಿ (ಮಚ್ಚೆಯ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕೆಂದರೆ ದಾವಣಗೆರೆಯ ದಂತ ಕಾಲೇಜುಗಳಿವೆ, ಕ್ಯಾನ್ಸರ್ ಎಂದು ಗೊತ್ತಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹೋಗಿ ಬಂದರೋ ಇಲ್ಲವೋ ಎಂದು ಹದಿನೈದು ದಿನಕ್ಕೊಮ್ಮೆ ಖುದ್ದಾಗಿ ವಿಚಾರಿಸಿ, ಮೊದಲ ಸಲ ಹೋಗದವರು ಎರಡನೇ ಸಲ ಕೇಳಿದಾಗ ಹೋಗುತ್ತಾರೆ.